ಹ್ಯಾಸ್ಕೆಲ್ ಮ್ಯಾಪ್‌ನಲ್ಲಿ ಒಂದೇ ಕೀ ಮತ್ತೆ ಮತ್ತೆ ಬಂದರೆ

ಮೈಸೂರು, ಮಂಡ್ಯದ ಗೆಳೆಯರೇ, ಹ್ಯಾಸ್ಕೆಲ್ ಪ್ರೋಗ್ರಾಮಿಂಗ್ ಭಾಷೆ ಕಲಿಯುತ್ತಿದ್ದರೆ ಇದನ್ನೊಮ್ಮೆ ಗಮನಿಸಿ. ಮ್ಯಾಪ್ ಅಂದರೆ ಪ್ರತಿ ಕೀಗೆ (ಗುರುತಿನ ಹೆಸರಿಗೆ) ಒಂದು ವ್ಯಾಲ್ಯೂ (ಬೆಲೆ) ಇಟ್ಟುಕೊಳ್ಳುವ ಕೋಷ್ಟಕ. ಮದ್ದೂರು, ಪಾಂಡವಪುರ, ಮಳವಳ್ಳಿ ಕಡೆಯಿಂದ ಆಲೆಮನೆಗೆ ಬಂದ ಕಬ್ಬಿನ ತೂಕವನ್ನು ಊರುವಾರು ಕೂಡಿಸಬೇಕು ಅಂದುಕೊಳ್ಳಿ. ಊರು ಕೀ, ಟನ್ ವ್ಯಾಲ್ಯೂ. ಪಟ್ಟಿಯನ್ನು ಹಾಗೇ, ಪಟ್ಟಿಯಿಂದ ಮ್ಯಾಪ್ ಮಾಡುವ 'ಫ್ರಮ್‌ಲಿಸ್ಟ್'ಗೆ ಕೊಟ್ಟರೆ ಮದ್ದೂರಿನ ಕೊನೆಯ ಲೋಡ್ ಮಾತ್ರ ಉಳಿಯುತ್ತೆ, ಹಿಂದಿನದ್ದೆಲ್ಲ ಹೋಯಿತು. ಎರರ್ ಕೂಡ ಬರಲ್ಲ, ಅದೇ ಅಪಾಯ. 'ಫ್ರಮ್‌ಲಿಸ್ಟ್‌ವಿತ್' ಬಳಸಿ, ಕೂಡಿಸುವ ಫಂಕ್ಷನ್ ಕೊಡಿ.

ಇಲ್ಲೊಂದು ಸೂಕ್ಷ್ಮ ಇದೆ. ಆ ಫಂಕ್ಷನ್‌ಗೆ ಮೊದಲು ಹೊಸ ವ್ಯಾಲ್ಯೂ, ಆಮೇಲೆ ಹಳೆಯದು ಹೋಗುತ್ತೆ. ಮೊತ್ತಕ್ಕೆ ತೊಂದರೆಯಿಲ್ಲ. ಆದರೆ ಪ್ರತಿ ಊರಿನ ಲೋಡ್‌ಗಳನ್ನು ಲಿಸ್ಟ್ ಆಗಿ ಜೋಡಿಸಿದರೆ ಕ್ರಮ ಹಿಂದುಮುಂದಾಗುತ್ತೆ. ಹೊಸದು-ಹಳೆಯದನ್ನು ಅದಲುಬದಲು ಮಾಡುವ 'ಫ್ಲಿಪ್' ಹಾಕಿದರೂ ಸರಿಯಾಗುತ್ತೆ, ಆದರೆ ಲಿಸ್ಟ್ ಉದ್ದವಾದಷ್ಟೂ ನಿಧಾನ. ಕೊನೆಗೆ ಒಮ್ಮೆ 'ರಿವರ್ಸ್' ಮಾಡುವುದೇ ಮೇಲು ಅನ್ನುವುದು ನನ್ನ ಅಭಿಪ್ರಾಯ.

ಮೊತ್ತ, ಎಣಿಕೆ ಏನೇ ಇದ್ದರೂ ದಯವಿಟ್ಟು 'ಡೇಟಾ.ಮ್ಯಾಪ್.ಸ್ಟ್ರಿಕ್ಟ್' ಇಂಪೋರ್ಟ್ ಮಾಡಿಕೊಳ್ಳಿ. ಲೇಜಿ (ಬೇಕಾಗುವವರೆಗೂ ಲೆಕ್ಕ ಮುಂದೂಡುವ) ಮ್ಯಾಪ್‌ನಲ್ಲಿ ಮಾಡದೇ ಉಳಿದ ಕೂಡಿಕೆಗಳು ಮೆಮೊರಿಯಲ್ಲಿ ರಾಶಿ ಬೀಳುತ್ತವೆ. 'ಕ್ವಾಲಿಫೈಡ್' ಇಂಪೋರ್ಟ್ (ಹೆಸರಿನ ಮುಂದೆ ಮಾಡ್ಯೂಲ್ ಹೆಸರು ಸೇರಿಸಿ ಬಳಸುವುದು) ಇರಲಿ, ಇಲ್ಲದಿದ್ದರೆ 'ಫಿಲ್ಟರ್', 'ಲುಕಪ್' ಹೆಸರುಗಳು ಹ್ಯಾಸ್ಕೆಲ್‌ನಲ್ಲಿ ಮೊದಲೇ ಇರುವ ಅದೇ ಹೆಸರುಗಳಿಗೆ ಡಿಕ್ಕಿ ಹೊಡೆಯುತ್ತವೆ.

ಇಲ್ಲದ ಊರು ಕೇಳಿದಾಗ ಕೀ ಕೊಟ್ಟು ವ್ಯಾಲ್ಯೂ ತೆಗೆಯುವ ಆಶ್ಚರ್ಯಸೂಚಕ (!) ಆಪರೇಟರ್ ಪ್ರೋಗ್ರಾಮನ್ನೇ ನಿಲ್ಲಿಸಿಬಿಡುತ್ತೆ. ಅದರ ಬದಲು 'ಫೈಂಡ್‌ವಿತ್‌ಡೀಫಾಲ್ಟ್'ಗೆ 0 ಕೊಟ್ಟರೆ ಸಾಕು, ಊರು ಇಲ್ಲದಿದ್ದರೆ 0 ಬರುತ್ತೆ.

ಮ್ಯಾಪನ್ನು ಮತ್ತೆ ಪಟ್ಟಿ ಮಾಡುವ 'ಟುಲಿಸ್ಟ್' ಕೀಗಳನ್ನು ಏರಿಕೆ ಕ್ರಮದಲ್ಲೇ ಕೊಡುತ್ತೆ. ಊರಿನ ಹೆಸರು ಕನ್ನಡದಲ್ಲಿದ್ದರೆ ಯೂನಿಕೋಡ್ (ಅಕ್ಷರಗಳಿಗೆ ಕಂಪ್ಯೂಟರ್ ಕೊಡುವ ಸಂಖ್ಯೆ) ಕ್ರಮ ಬರುತ್ತೆ, ಹೆಚ್ಚುಕಡಿಮೆ ನಮ್ಮ ವರ್ಣಮಾಲೆಯೇ. 'ಳ' ಮಾತ್ರ ಕೊನೆಯಲ್ಲಿ ಬರದೆ 'ಲ' ಆದ ಕೂಡಲೇ ಬರುತ್ತೆ, ವರದಿ ಮುದ್ರಿಸುವಾಗ ನೆನಪಿರಲಿ.