ಮೊದಲ ಸಂಬಳ, ಮೊದಲ ಕ್ರೆಡಿಟ್ ಕಾರ್ಡ್: ಮುಂಬೈಗೆ ಬಂದ ಹೊಸಬರು ದುಡ್ಡು ನೋಡಿಕೊಳ್ಳುವುದು ಹೇಗೆ?

ಊರಿಂದ ಮುಂಬೈಗೆ ಬಂದು ಕೆಲಸ ಹಿಡಿದ ನಮ್ಮ ಹುಡುಗ ಹುಡುಗಿಯರು ಬಾಡಿಗೆ, ಊಟ, ಓಡಾಟದ ಖರ್ಚನ್ನು ಚೆನ್ನಾಗಿಯೇ ತೂಗಿಸುತ್ತಾರೆ. ಅವರು ಎಡವುವುದು ಕ್ರೆಡಿಟ್ ಕಾರ್ಡಿನ ಬಿಲ್ ಕಟ್ಟುವಾಗ. ಡೊಂಬಿವಲಿಯಲ್ಲೂ ನೋಡಿದ್ದೇನೆ, ಅಂಧೇರಿಯಲ್ಲೂ ನೋಡಿದ್ದೇನೆ. ದುಂದು ಮಾಡುವವರಲ್ಲ, ತಿಂಗಳು ತಪ್ಪದೆ ಕಟ್ಟುವವರೇ. ಆದರೂ ಸಾಲ ಇಳಿದಿರುವುದಿಲ್ಲ. ಹಾಗಾಗಿ ಉಳಿದ ಹೆಜ್ಜೆಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಕಾರ್ಡಿನ ಹತ್ತಿರ ಬಂದಾಗ ನೀವೂ ನಿಧಾನವಾಗಿ ಓದಿ.

1. ಕೈಗೆ ಬರುವುದೆಷ್ಟು ಅಂತ ನೋಡಿ

ಆಫರ್ ಲೆಟರಿನಲ್ಲಿರುವ ಸಿಟಿಸಿ, ಅಂದರೆ ಕಂಪನಿ ನಿಮಗಾಗಿ ಮಾಡುವ ಒಟ್ಟು ಖರ್ಚಿನ ಅಂಕಿ ಬಿಡಿ, ಸ್ಯಾಲರಿ ಸ್ಲಿಪ್ ತೆಗೆಯಿರಿ. ಬೇಸಿಕ್ (ಮೂಲ ಸಂಬಳ) ಮತ್ತು ಡಿಎ (ತುಟ್ಟಿಭತ್ಯೆ) ಮೇಲೆ ಶೇ 12ರಷ್ಟು ಪಿಎಫ್‌ಗೆ ಹೋಗುತ್ತದೆ. ಮಹಾರಾಷ್ಟ್ರದ ವೃತ್ತಿ ತೆರಿಗೆ ತಿಂಗಳಿಗೆ 200 ರೂಪಾಯಿ, ಫೆಬ್ರವರಿಯಲ್ಲಿ 300. ಹೆಣ್ಣುಮಕ್ಕಳಿಗೆ ಸಂಬಳ 25,000 ದಾಟುವವರೆಗೆ ಈ ತೆರಿಗೆ ಇಲ್ಲ. ಪಿಎಫ್‌ನ ಯುಎಎನ್ ನಂಬರ್ ಬರೆದಿಟ್ಟುಕೊಳ್ಳಿ. ಕೆಲಸ ಬದಲಿಸಿದಾಗ ಅದೇ ನಂಬರ್ ಕೊಡಿ.

2. ಮನೆ

ಅಗ್ರಿಮೆಂಟ್ ರಿಜಿಸ್ಟರ್ ಆಗಲೇಬೇಕು, ಇಲ್ಲಿ ಅದು ಕಾನೂನು. ಡಿಪಾಸಿಟ್ಟನ್ನು ನಗದಾಗಿ ಕೊಡಬೇಡಿ, ಬ್ಯಾಂಕಿನಿಂದಲೇ ಕಳಿಸಿ.

3. ಸಂಬಳದ ದಿನವೇ ಸ್ವಲ್ಪ ಎತ್ತಿಡಿ

ಬೇರೆ ಬ್ಯಾಂಕಿನಲ್ಲಿ ಇನ್ನೊಂದು ಖಾತೆ ತೆಗೆಯಿರಿ. ಅದಕ್ಕೆ ಯುಪಿಐ ಜೋಡಿಸಬೇಡಿ. ಸಂಬಳ ಬಿದ್ದ ಮರುದಿನ ತಾನಾಗಿ ಅಲ್ಲಿಗೆ ದುಡ್ಡು ಹೋಗುವಂತೆ ಮಾಡಿ. ಮೂರು ತಿಂಗಳ ಖರ್ಚಿನಷ್ಟು ಕೂಡುವವರೆಗೆ ಶೇರು, ಟ್ರೇಡಿಂಗ್ ಆಪ್ ಯಾವುದೂ ಬೇಡ. ಆಫೀಸಿನ ಭಿಶಿಗೆ, ಅಂದರೆ ನಮ್ಮ ಚೀಟಿಗೆ, ಈ ದುಡ್ಡನ್ನು ಹಾಕಲೇಬೇಡಿ.

ಎರಡು ಬ್ಯಾಂಕ್ ಯಾಕೆ ಅಂದರೆ, 2019ರ ಸೆಪ್ಟೆಂಬರಿನಲ್ಲಿ ಮುಂಬೈಯ ಪಿಎಂಸಿ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿತು. ಖಾತೆದಾರರಿಗೆ ಮೊದಲು ತೆಗೆಯಲು ಬಿಟ್ಟಿದ್ದು ಬರೀ 1,000 ರೂಪಾಯಿ. ಠೇವಣಿ ವಿಮೆ ಈಗ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ 5 ಲಕ್ಷದವರೆಗೆ ಇದೆ, ನಿಜ. ಆದರೆ ಬಾಡಿಗೆ ಕಟ್ಟುವ ದಿನ ಬೇಕಾಗುವುದು ಕೈಗೆ ಸಿಗುವ ದುಡ್ಡು.

4. ಕಾರ್ಡ್

ಕೆಲಸಕ್ಕೆ ಸೇರಿ ಒಂದು ವರ್ಷ ಆಗುವವರೆಗೆ ಕಾರ್ಡ್ ಬೇಡ ಅನ್ನುವುದು ನನ್ನ ಖಚಿತ ಮಾತು. ಬೇಕೇ ಬೇಕು ಅಂದರೆ ಎಫ್‌ಡಿ ಇಟ್ಟು ಅದರ ಮೇಲೆ ಕೊಡುವ ಕಾರ್ಡ್ ತೆಗೆದುಕೊಳ್ಳಿ. ಮಾಲಿನಲ್ಲಿ, ಸ್ಟೇಷನ್ ಹೊರಗೆ ಟೇಬಲ್ ಹಾಕಿಕೊಂಡು 'ಲೈಫ್‌ಟೈಮ್ ಫ್ರೀ' ಅಂತ ಕರೆಯುವವರ ಹತ್ತಿರ ಫಾರ್ಮ್ ತುಂಬಬೇಡಿ.

ಬಿಲ್ ಬಂದಾಗ ಅದರಲ್ಲಿ ಎರಡು ಮೊತ್ತ ಇರುತ್ತವೆ. ಒಂದು ಟೋಟಲ್ ಡ್ಯೂ, ಅಂದರೆ ಪೂರ್ತಿ ಬಾಕಿ. ಇನ್ನೊಂದು ಮಿನಿಮಮ್ ಡ್ಯೂ, ಅಂದರೆ ಕನಿಷ್ಠ ಕಟ್ಟಬೇಕಾದ ಮೊತ್ತ. ಎಲ್ಲರೂ ಎಡವುವುದು ಇಲ್ಲೇ. ಮಿನಿಮಮ್ ಕಟ್ಟಿದರೆ ಆ ತಿಂಗಳ ಲೆಕ್ಕ ಮುಗಿಯಿತು ಅಂದುಕೊಳ್ಳುತ್ತಾರೆ. ಮುಗಿಯುವುದಿಲ್ಲ. ಅದನ್ನು ಕಟ್ಟಿದರೆ ಲೇಟ್ ಫೀ ತಪ್ಪುತ್ತದೆ, ಅಷ್ಟೇ. ಬಡ್ಡಿ ಓಡುತ್ತಲೇ ಇರುತ್ತದೆ.

ಲೆಕ್ಕ ಹಾಕೋಣ. ಬಿಲ್ 40,000 ರೂಪಾಯಿ. ಮಿನಿಮಮ್ ಶೇ 5 ಅಂದರೆ 2,000. ತಿಂಗಳಿಗೆ ಶೇ 3.5 ಬಡ್ಡಿ ಅಂತ ಹಿಡಿಯಿರಿ, ಎಷ್ಟೋ ಕಾರ್ಡುಗಳಲ್ಲಿ ದರ ಇದರ ಆಸುಪಾಸಿನಲ್ಲೇ ಇದೆ. ಒಂದು ತಿಂಗಳ ಬಡ್ಡಿ 1,400. ಅದರ ಮೇಲೆ ಶೇ 18 ಜಿಎಸ್‌ಟಿ 252. ಒಟ್ಟು 1,652. ನೀವು ಕಟ್ಟಿದ 2,000ದಲ್ಲಿ ಸಾಲ ಇಳಿದದ್ದು 348 ರೂಪಾಯಿ ಮಾತ್ರ. ವರ್ಷಕ್ಕೆ ಇದು ಶೇ 42ರ ಬಡ್ಡಿ. ಯಾವ ಎಫ್‌ಡಿಯೂ ಇದಕ್ಕೆ ಸರಿಗಟ್ಟುವುದಿಲ್ಲ. ಆದ್ದರಿಂದ ಕಾರ್ಡಿನ ಬಾಕಿ ಇಟ್ಟುಕೊಂಡು ಎಸ್‌ಐಪಿ (ತಿಂಗಳು ತಿಂಗಳು ಮ್ಯೂಚುವಲ್ ಫಂಡಿಗೆ ದುಡ್ಡು ಹಾಕುವುದು) ಶುರು ಮಾಡುವುದು ಸುಮ್ನೆ ನಷ್ಟ.

ಇನ್ನೊಂದು ಪೆಟ್ಟಿದೆ, ಅದು ಜಾಸ್ತಿ ಜನರಿಗೆ ಗೊತ್ತೇ ಇಲ್ಲ. ಹಳೆ ಬಾಕಿ ಉಳಿದಿದ್ದರೆ ಹೊಸ ಖರೀದಿಗೆ ಬಡ್ಡಿಯಿಲ್ಲದ ದಿನಗಳು ಸಿಗುವುದಿಲ್ಲ. ಇವತ್ತು ಕಿರಾಣಿ ತಂದರೆ ಇವತ್ತಿನಿಂದಲೇ ಬಡ್ಡಿ. ಎಟಿಎಂನಲ್ಲಿ ಕಾರ್ಡ್ ಹಾಕಿ ನಗದು ತೆಗೆದರಂತೂ ಬಾಕಿ ಇರಲಿ ಬಿಡಲಿ, ಮೊದಲ ದಿನದಿಂದಲೇ ಬಡ್ಡಿ, ಮೇಲಿಂದ ಫೀ.

ಹಾಗಾದರೆ ಏನು ಮಾಡಬೇಕು? ಕಾರ್ಡಿನ ಆಪ್ ತೆರೆದು ಆಟೋಪೇ (ಖಾತೆಯಿಂದ ಬಿಲ್ ತಾನಾಗಿ ಕಟ್ಟುವ ವ್ಯವಸ್ಥೆ) ನೋಡಿ. ಎಷ್ಟೋ ಜನರದ್ದು ಮಿನಿಮಮ್‌ಗೆ ಇಟ್ಟಿರುತ್ತದೆ. ಅದನ್ನು ಟೋಟಲ್‌ಗೆ ಬದಲಿಸಿ. ಆಮೇಲೆ ಬಿಲ್ಲಿನ ತಾರೀಕು ನೋಡಿ. ಸಂಬಳ 1ನೇ ತಾರೀಕು ಬಂದು, ಬಿಲ್ಲಿನ ಕೊನೆ ದಿನ 25 ಆಗಿದ್ದರೆ ಅಷ್ಟರಲ್ಲಿ ಖಾತೆ ಖಾಲಿಯಾಗಿರುತ್ತದೆ, ಅಲ್ವಾ? ಬಿಲ್ಲಿನ ಅವಧಿಯನ್ನು ಒಮ್ಮೆಯಾದರೂ ಬದಲಿಸಿಕೊಳ್ಳುವ ಹಕ್ಕನ್ನು ರಿಸರ್ವ್ ಬ್ಯಾಂಕ್ ಗ್ರಾಹಕರಿಗೆ ಕೊಟ್ಟಿದೆ. ಕೇಳಿ. ಬಿಲ್ ತಿಂಗಳ ಮಧ್ಯದಲ್ಲಿ ಆಗಿ, ಕೊನೆ ದಿನ 5ರ ಹತ್ತಿರ ಬರುವಂತೆ ಮಾಡಿಕೊಳ್ಳಿ. ಈ ಒಂದು ಬದಲಾವಣೆಯಿಂದಲೇ ಎಷ್ಟೋ ಜನ ಬಡ್ಡಿ ತಪ್ಪಿಸಿಕೊಂಡಿದ್ದಾರೆ.

5. ಈಗಾಗಲೇ ಸಿಕ್ಕಿಕೊಂಡಿದ್ದರೆ

ಮೊದಲು ಆ ಕಾರ್ಡ್ ಬಳಸುವುದು ನಿಲ್ಲಿಸಿ. ಫುಡ್ ಆಪ್, ಕ್ಯಾಬ್ ಆಪ್‌ಗಳಲ್ಲಿ ಸೇವ್ ಆಗಿರುವ ನಂಬರನ್ನೂ ಅಳಿಸಿ. ಆಮೇಲೆ ಬಾಕಿಯನ್ನು ಇಎಂಐ ಮಾಡಲು ಬ್ಯಾಂಕಿಗೆ ಹೇಳಿ. ಒಪ್ಪುವ ಮುಂಚೆ ಬಡ್ಡಿ ದರವನ್ನೂ ಪ್ರೊಸೆಸಿಂಗ್ ಫೀಯನ್ನೂ ಕೇಳಿ. ಇಲ್ಲವೇ ಕಡಿಮೆ ಬಡ್ಡಿಯ ಪರ್ಸನಲ್ ಲೋನ್ ತೆಗೆದು ಕಾರ್ಡಿನ ಬಾಕಿ ಒಂದೇ ಸಲ ತೀರಿಸಿ. ಮನೆಯವರಿಗೂ ಹೇಳಿ. ಅಪ್ಪನಿಗೆ ಗೊತ್ತಾಗಬಾರದು ಅಂತ ಐದು ನಿಮಿಷದ ಲೋನ್ ಆಪ್‌ಗಳಿಗೆ ಹೋದವರನ್ನು ನೋಡಿದ್ದೇನೆ, ಬಹಳ ಸಂಕಟವಾಗುತ್ತದೆ. ಫೋನಿನ ಕಾಂಟ್ಯಾಕ್ಟ್ಸ್ ನೋಡಲು ಅನುಮತಿ ಕೇಳುವ ಲೋನ್ ಆಪನ್ನು ಆ ಕ್ಷಣವೇ ಅಳಿಸಿ. ಅದನ್ನು ಕೇಳುವುದು ನಿಯಮಕ್ಕೆ ವಿರುದ್ಧ.

ಬಾಕಿ ತೀರಿದ ಮೇಲೆ ಕಾರ್ಡ್ ಬೇಡ ಅನಿಸಿದರೆ ಮುಚ್ಚಲು ಅರ್ಜಿ ಕೊಡಿ. 7 ಕೆಲಸದ ದಿನಗಳಲ್ಲಿ ಮುಚ್ಚದಿದ್ದರೆ ದಿನಕ್ಕೆ 500 ರೂಪಾಯಿಯಂತೆ ಬ್ಯಾಂಕೇ ನಿಮಗೆ ಕೊಡಬೇಕು.

6. ವಿಮೆ

ಆಫೀಸಿನ ಆರೋಗ್ಯ ವಿಮೆ ಕೆಲಸ ಬಿಟ್ಟ ದಿನ ಹೋಗುತ್ತದೆ, ನಿಮ್ಮದೇ ಒಂದು ಮಾಡಿಸಿ. ನೆಂಟರ ಒತ್ತಾಯಕ್ಕೆ 'ಉಳಿತಾಯವೂ ಆಯ್ತು, ವಿಮೆಯೂ ಆಯ್ತು' ಅನ್ನುವ ಪಾಲಿಸಿಗೆ ಸಹಿ ಹಾಕಿದ್ದರೆ, ಪಾಲಿಸಿ ಕೈಗೆ ಬಂದ 30 ದಿನದೊಳಗೆ ವಾಪಸ್ ಕೊಡಬಹುದು.

7. ವರ್ಷಕ್ಕೊಮ್ಮೆ ಕ್ರೆಡಿಟ್ ರಿಪೋರ್ಟ್

ನೀವು ತೆಗೆದ ಸಾಲ, ಅದನ್ನು ಕಟ್ಟಿದ ರೀತಿ ಇವುಗಳ ದಾಖಲೆಯೇ ಕ್ರೆಡಿಟ್ ರಿಪೋರ್ಟ್. ಅದನ್ನು ಇಡುವ ಸಂಸ್ಥೆಗಳು ಸಿಬಿಲ್ ಸೇರಿ ನಾಲ್ಕಿವೆ. ಪ್ರತಿಯೊಂದೂ ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಪುಕ್ಕಟೆ ಕೊಡಬೇಕು. ದುಡ್ಡು ಕೇಳುವ ಆಪ್‌ಗಳಿಗೆ ಹೋಗಬೇಡಿ, ಆ ಸಂಸ್ಥೆಗಳ ವೆಬ್‌ಸೈಟಿನಿಂದಲೇ ಇಳಿಸಿಕೊಳ್ಳಿ. ಸ್ಕೋರ್ ಆಮೇಲೆ ನೋಡಿ. ಮೊದಲು ಸಾಲಗಳ ಪಟ್ಟಿ ನೋಡಿ. ನೀವು ತೆಗೆಯದ ಸಾಲ, ಮುಚ್ಚಿದ ಮೇಲೂ ಬಾಕಿ ತೋರಿಸುವ ಕಾರ್ಡ್ ಕಂಡರೆ ಅಲ್ಲೇ ದೂರು ಹಾಕಿ, ದೂರಿನ ನಂಬರ್ ಇಟ್ಟುಕೊಳ್ಳಿ. 30 ದಿನದಲ್ಲಿ ಸರಿಪಡಿಸದಿದ್ದರೆ ಆಮೇಲಿನ ಪ್ರತಿ ದಿನಕ್ಕೂ 100 ರೂಪಾಯಿ ಪರಿಹಾರ ನಿಮಗೆ ಬರಬೇಕು.