ಹಳೆಯ ಪತ್ರಿಕೆ ಬೇಕೇ? ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಹೀಗೆ ಹುಡುಕಿ

ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟಾಗ ಪತ್ರಿಕೆಗಳು ಏನು ಬರೆದವು? ಮೊಬೈಲ್‌ನಲ್ಲಿ ಹುಡುಕಿದರೆ ಈಚಿನ ರಾಜ್ಯೋತ್ಸವ ಲೇಖನಗಳೇ ಜಾಸ್ತಿ ಸಿಗುತ್ತವೆ. ಆ ಹೊತ್ತಿನ ಪತ್ರಿಕೆಯನ್ನೇ ಓದಬೇಕೆಂದರೆ ಲೈಬ್ರರಿಯ ಮೆಟ್ಟಿಲು ಹತ್ತಬೇಕು. ಸಂಶೋಧಕರಿಗಷ್ಟೇ ಅಲ್ಲ, ತಮ್ಮೂರಿನ ಚರಿತ್ರೆ ಬರೆಯುವವರಿಗೂ ಈ ದಾರಿ ಗೊತ್ತಿರಬೇಕು.

ಮೊದಲ ಕೆಲಸ ಮನೆಯಲ್ಲೇ ಆಗಬೇಕು: ತಾರೀಖು ಗೊತ್ತುಮಾಡಿಕೊಳ್ಳಿ. ಹಳೆಯ ಕನ್ನಡ ಪತ್ರಿಕೆಗಳಿಗೆ ವಿಷಯಸೂಚಿ ಸಿಗುವುದು ಅಪರೂಪ. ಬೈಂಡ್ ಮಾಡಿದ ಸಂಪುಟಗಳನ್ನು ಪುಟ ಪುಟ ತಿರುವಿಯೇ ನೋಡಬೇಕು. ತಾರೀಖು ಇಲ್ಲದೆ ಸುಮ್ನೆ ಹೋದರೆ ಇಡೀ ದಿನ ಕೂತರೂ ಸಿಗದೆ ಹೋಗಬಹುದು. ತಾರೀಖು ಹಿಡಿಯಲು ಒಳ್ಳೆಯ ಜಾಗ ಶೋಧಗಂಗಾ ಎಂಬ ವೆಬ್‌ಸೈಟ್. ದೇಶದ ಪಿಎಚ್‌.ಡಿ. ಪ್ರಬಂಧಗಳನ್ನು ಅಲ್ಲಿ ಉಚಿತವಾಗಿ ಓದಬಹುದು. ನಿಮ್ಮ ವಿಷಯದ ಪ್ರಬಂಧ ತೆರೆದು ಅಡಿಟಿಪ್ಪಣಿ ನೋಡಿ. ಯಾವ ಪತ್ರಿಕೆ, ಯಾವ ದಿನ ಎಂಬುದು ಎಷ್ಟೋ ಸಲ ಅಲ್ಲೇ ಇರುತ್ತದೆ.

ರಾಜ್ಯದ ಹೆಸರು ಬದಲಾಗಿದ್ದು 1973ರ ನವೆಂಬರ್ 1ರಂದು. ಅಂದಿನ ಸಮಾರಂಭದ ವರದಿಯನ್ನು ಮರುದಿನದ ಪತ್ರಿಕೆಯಲ್ಲಿ ಹುಡುಕಬೇಕು. ಇನ್ನೂ ಎರಡು ಮೂರು ದಿನದ ಸಂಚಿಕೆ ನೋಡಿ. ದೂರದ ಊರುಗಳ ಸುದ್ದಿ ಆಗ ತಡವಾಗಿ ಅಚ್ಚಾಗುತ್ತಿತ್ತು. ಆ ವರ್ಷ ಯಾವ ಪತ್ರಿಕೆ ಇತ್ತು ಎಂಬುದೂ ಮುಖ್ಯ ಅಲ್ವಾ? ಪ್ರಜಾವಾಣಿ 1948ರಿಂದ, ಕನ್ನಡಪ್ರಭ 1967ರಿಂದ, ಉದಯವಾಣಿ 1970ರಿಂದ ಇವೆ. ವಿಜಯ ಕರ್ನಾಟಕ ಶುರುವಾಗಿದ್ದೇ 1999ರಲ್ಲಿ.

ಇನ್ನು ಲೈಬ್ರರಿಯ ಆನ್‌ಲೈನ್ ಕ್ಯಾಟಲಾಗ್. ಪತ್ರಿಕೆಯ ಹೆಸರನ್ನು ಕನ್ನಡದಲ್ಲೂ ಇಂಗ್ಲಿಷ್ ಅಕ್ಷರಗಳಲ್ಲೂ ಹಾಕಿ ನೋಡಿ. ಸಿಗಲಿಲ್ಲ ಎಂದು ಕೈಬಿಡಬೇಡಿ. ಹಳೆಯ ಸಂಪುಟಗಳು ಕ್ಯಾಟಲಾಗ್‌ಗೆ ಸೇರದೆ ಕಪಾಟಿನಲ್ಲಿ ಉಳಿದಿರಬಹುದು. ಪತ್ರಿಕೆಗಳನ್ನು ನೋಡಿಕೊಳ್ಳುವ ಪಿರಿಯಾಡಿಕಲ್ಸ್ ವಿಭಾಗದವರಿಗೆ ಫೋನ್ ಮಾಡಿ, ಬೇಕಾದ ತಿಂಗಳು, ವರ್ಷ ಹೇಳಿ ಕೇಳಿ. ಅವರಿಗೆ ಗೊತ್ತಿರುವಷ್ಟು ಯಾವ ಕಂಪ್ಯೂಟರಿಗೂ ಗೊತ್ತಿರುವುದಿಲ್ಲ. ಹೊರಗಿನವರಾದರೆ ಗುರುತಿನ ಚೀಟಿ, ಕಾಲೇಜಿನ ಪ್ರಾಂಶುಪಾಲರ ಅಥವಾ ಗೈಡ್‌ ಅವರ ಪತ್ರ ಬೇಕೇ ಎಂದು ಆಗಲೇ ವಿಚಾರಿಸಿಕೊಳ್ಳಿ.

ಇಂಗ್ಲಿಷ್ ಪತ್ರಿಕೆಗಳ ದಾರಿ ಬೇರೆ. ಹಳೆಯ ಪತ್ರಿಕೆಗಳನ್ನು ಕಂಪ್ಯೂಟರಿನಲ್ಲೇ ಹುಡುಕಿ ಓದಬಹುದಾದ ಪ್ರೊಕ್ವೆಸ್ಟ್ ಡೇಟಾಬೇಸ್‌ನಲ್ಲಿ ಟೈಮ್ಸ್ ಆಫ್ ಇಂಡಿಯಾ 1838ರಿಂದಲೇ ಇದೆ. ನಿಮ್ಮ ವಿಶ್ವವಿದ್ಯಾಲಯ ಚಂದಾ ಕಟ್ಟಿದ್ದರೆ ಕ್ಯಾಂಪಸ್ಸಿನ ಕಂಪ್ಯೂಟರಿನಲ್ಲಿ ಓದಬಹುದು. ಮನೆಯಿಂದ ಓದಲು ಲಾಗಿನ್ ಕೊಡುತ್ತಾರಾ ಕೇಳಿ. ಇಲ್ಲಿ ಆ ಕಾಲದ ಹೆಸರನ್ನೇ ಹಾಕಬೇಕು: 'ಮೈಸೂರ್ ಸ್ಟೇಟ್', 'ಬ್ಯಾಂಗಲೋರ್'. ಇಂಗ್ಲಿಷಿನಲ್ಲೂ ಬೆಂಗಳೂರು ಎಂದು ಅಧಿಕೃತವಾಗಿದ್ದು 2014ರಲ್ಲಿ. ಇಂದಿನ ಹೆಸರು ಹಾಕಿದರೆ 1973ರ ಸುದ್ದಿ ತಪ್ಪಿಹೋಗಬಹುದು.

ಎಲ್ಲೂ ಸಿಗದಿದ್ದರೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯ, ಚೆನ್ನೈನ ಕನ್ನೆಮರಾ ಗ್ರಂಥಾಲಯಗಳಲ್ಲಿ ವಿಚಾರಿಸಿ. ಪ್ರಕಾಶಕರು ಗ್ರಂಥಾಲಯಗಳಿಗೆ ಪುಸ್ತಕದ ಪ್ರತಿ ಕಳಿಸಬೇಕೆನ್ನುವ 1954ರ ಕಾಯ್ದೆಗೆ 1956ರಲ್ಲಿ ಆದ ತಿದ್ದುಪಡಿಯ ಪ್ರಕಾರ ಪತ್ರಿಕೆಗಳ ಪ್ರತಿ ಅಲ್ಲಿಗೆ ಹೋಗಬೇಕು.

ಸುದ್ದಿ ಸಿಕ್ಕಿತೇ? ಹಳೆಯ ಕಾಗದ ಮುಟ್ಟಿದರೆ ಪುಡಿಯಾಗುತ್ತದೆ, ಜೆರಾಕ್ಸ್ ಬೇಡ. ಅನುಮತಿ ಪಡೆದು ಫ್ಲ್ಯಾಶ್ ಇಲ್ಲದೆ ಫೋಟೊ ತೆಗೆಯಿರಿ. ಮೊದಲು ಪತ್ರಿಕೆಯ ಹೆಸರು, ತಾರೀಖು ಇರುವ ಭಾಗ, ಆಮೇಲೆ ಸುದ್ದಿ. ಪುಟದ ಸಂಖ್ಯೆ, ಯಾವ ಊರಿನ ಆವೃತ್ತಿ ಎಂಬುದನ್ನೂ ಅಲ್ಲೇ ಬರೆದುಕೊಳ್ಳಿ.