‘ಡೈ’ ಹಾಕಿಸಿಕೊಳ್ಳುವಾಗ ಎಡವದಿರಲು

ಮಂಗಳೂರಿನ ಸ್ಕ್ಯಾನಿಂಗ್ ಕೇಂದ್ರಗಳ ಮುಂದೆ ನೆಂಟರ ಜೊತೆ ಕುಳಿತು ಸಾಕಷ್ಟು ಕೇಳಿದ್ದೇನೆ: ‘ಡೈ ಹಾಕಿದರೆ ಲಕ್ವ ಹೊಡೆಯುತ್ತದಂತೆ.’ ಡೈ ಎಂದರೆ ಸ್ಕ್ಯಾನಿನಲ್ಲಿ ರಕ್ತನಾಳ, ಅಂಗಗಳು ಎದ್ದು ಕಾಣಲೆಂದು ರಕ್ತಕ್ಕೆ ಸೇರಿಸುವ, ಅಯೋಡಿನ್ ಇರುವ ದ್ರವ; ಅದು ಮೂತ್ರಪಿಂಡದ ಮೂಲಕ ಹೊರಹೋಗುತ್ತದೆ. ಹೆದರಬೇಕಾದಲ್ಲಿ ಹೆದರದೆ, ಬೇಡದ ಕಡೆ ಹೆದರುವವರೇ ಹೆಚ್ಚು.

ಮೊದಲು, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆಯ ವರದಿ ಮತ್ತು ಸೇವಿಸುತ್ತಿರುವ ಮಾತ್ರೆಗಳ ಹಾಳೆಗಳನ್ನೇ ಕೊಂಡೊಯ್ಯಿರಿ. ‘ಸಕ್ಕರೆ ಕಾಯಿಲೆಯ ಬಿಳಿ ಮಾತ್ರೆ’ ಎಂದರೆ ಯಾರಿಗೂ ಏನೂ ತಿಳಿಯದು. ಮೂತ್ರಪಿಂಡ ದುರ್ಬಲವಿದ್ದವರಿಗೆ ಮೆಟ್‌ಫಾರ್ಮಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆಯನ್ನು 48 ಗಂಟೆ ನಿಲ್ಲಿಸಲು ಹೇಳುತ್ತಾರೆ, ನೀವಾಗಿಯೇ ನಿಲ್ಲಿಸಬೇಡಿ. ‘ಕಿಡ್ನಿ ತೊಳೆಯುವ’ ಪುಡಿಗಳಿಗೆ ದುಡ್ಡು ಸುರಿಯಬೇಡಿ. ಪೊಟ್ಯಾಷಿಯಂ ಹೆಚ್ಚಿರುವ ಬೊಂಡದ ನೀರೂ ಮೂತ್ರಪಿಂಡ ರೋಗಿಗೆ ಒಳ್ಳೆಯದಲ್ಲ.

ಸಿಗಡಿ ತಿಂದರೆ ಮೈ ತುರಿಸುತ್ತದೆಂದು ಸಿ.ಟಿ. ಸ್ಕ್ಯಾನ್ ತಪ್ಪಿಸಿಕೊಳ್ಳುವವರು ನಮ್ಮ ಕರಾವಳಿಯಲ್ಲಿ ಬಹಳ. ಆ ಅಲರ್ಜಿ ಸಿಗಡಿಯ ಪ್ರೋಟೀನಿನದು, ಅಯೋಡಿನ್‌ನದಲ್ಲ. ಹಿಂದೆ ಡೈಯಿಂದಲೇ ತೊಂದರೆಯಾಗಿದ್ದರೆ ಮಾತ್ರ ಮರೆಯದೆ ಹೇಳಿ.

ಸೂಜಿಯಲ್ಲಿ ಡೈ ಹೋಗುವಾಗ ಮೈ ಬಿಸಿಯಾಗುತ್ತದೆ, ಮೂತ್ರ ಹೋದಂತೆ ಅನ್ನಿಸುತ್ತದೆ, ಸಾಮಾನ್ಯವಾಗಿ ಅಷ್ಟೇ. ಅಪರೂಪಕ್ಕೆ ಅಲರ್ಜಿಯಾಗಬಹುದಾದ್ದರಿಂದ ಅರ್ಧ ಗಂಟೆ ಅಲ್ಲೇ ಕುಳಿತಿರಿ.

ಆಂಜಿಯೋಗ್ರಾಂ ಮಾತ್ರ ಬೇರೆ. ಅಲ್ಲಿ ಡೈ ಹೋಗುವುದು ಸಣ್ಣ ಕೊಳವೆಯ ಮೂಲಕ ಅಪಧಮನಿಗೆ, ಎಂದರೆ ಹೃದಯದಿಂದ ರಕ್ತ ಒಯ್ಯುವ ನಾಳಕ್ಕೆ. ಕೊಳವೆ ತಾಗಿ ನಾಳದ ಗೋಡೆಯಿಂದ ಕಳಚಿದ ಕೊಬ್ಬಿನ ಚೂರೊಂದು ಮೆದುಳಿನ ನಾಳವನ್ನು ಮುಚ್ಚಬಹುದು. ಅಪರೂಪಕ್ಕೆ ಡೈಯೇ ಮೆದುಳನ್ನು ಕೆರಳಿಸಿ ಒಂದು ಪಾರ್ಶ್ವದ ಬಲ ಕುಂದಬಹುದು. ಎರಡನೆಯದು ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಸರಿಹೋಗುತ್ತದೆ. ಆದರೆ ಯಾವುದು ಯಾವುದೆಂದು ಹಾಸಿಗೆಯ ಪಕ್ಕದಲ್ಲಿ ಕುಳಿತ ನಿಮಗೆ ಗೊತ್ತಾಗುವುದಿಲ್ಲ. ನಮ್ಮ ದೊಡ್ಡಪ್ಪನ ಮಾತು ತೊದಲಿದಾಗ ‘ಮಂಪರು, ಮಲಗಲಿ’ ಎಂದು ಒಂದು ರಾತ್ರಿ ಕಳೆದೆವು.

ಹಾಗೆ ಮಾಡಬೇಡಿ. ನಗಲು ಹೇಳಿ: ಬಾಯಿ ಒಂದು ಕಡೆಗೆ ಸೊಟ್ಟಗಾಯಿತೇ? ಎರಡೂ ಕೈ ಎತ್ತಿಸಿ: ಒಂದು ಜಾರುತ್ತದೆಯೇ? ಹೆಸರು, ಊರು ಹೇಳಿಸಿ. ಒಂದು ತಪ್ಪಿದರೂ ದಾದಿಯನ್ನು ಕೂಗಿ, ಮನೆಯಲ್ಲಿದ್ದರೆ 108. ಕೊನೆಯ ಬಾರಿ ಚೆನ್ನಾಗಿದ್ದ ಸಮಯವನ್ನು ಬರೆದಿಡಿ. ಎದ್ದಾಗಲೇ ಹೀಗಾಗಿದ್ದರೆ ಮಲಗಿದ ಸಮಯದಿಂದ ಲೆಕ್ಕ. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ಇರುವುದು ನಾಲ್ಕೂವರೆ ಗಂಟೆ. ಕುಂದಾಪುರದವರು ಮಣಿಪಾಲ ತಲುಪುವ ಸಮಯವೂ ಅದರಲ್ಲೇ ಸೇರಿದೆ. ನೀರು, ಆಸ್ಪಿರಿನ್ ಕೊಡಬೇಡಿ. ಎಣ್ಣೆ ತಿಕ್ಕುತ್ತಾ ಕೂರಬೇಡಿ. ಸಿ.ಟಿ. ಇಲ್ಲದ ಸಣ್ಣ ಕ್ಲಿನಿಕ್ಕಿನಲ್ಲಿ ನಿಲ್ಲುವುದಂತೂ ಬೇಡವೇ ಬೇಡ.

ಆಸ್ಪತ್ರೆಯ ಬಿಡುಗಡೆ ಪತ್ರ ಕೈಯಲ್ಲಿರಲಿ. ಡೈ ಹಾಕಿ ಎಷ್ಟು ಹೊತ್ತಾಯಿತೆಂದು ವೈದ್ಯರು ಕೇಳುವ ಮೊದಲೇ ಹೇಳಿ: ಮೆದುಳಿಗೆ ಸೋರಿದ ಡೈ ಸಿ.ಟಿ.ಯಲ್ಲಿ ರಕ್ತಸ್ರಾವದ ಹಾಗೆಯೇ ಬೆಳ್ಳಗೆ ಕಾಣಬಹುದು.